ಕಡೆಯವಳು

ಸೀಟಿ ನನ್ನ ಕೊರಳಿಗೆ ಬಿತ್ತು, ಮಂಡಿನೋವಿನ ದೆಸೆಯಿಂದ.
ಹೇಗೂ ಹಿಂದುಳಿಯುವವಳು, ಹಿಂದೆಯೇ ಇರಲಿ ಎಂದರು,
ಯಾರಾದರೂ ಜಾರಿದರೆ, ಕೂತರೆ, ಊದು.

ಮದರಾಸಿನ ಕಡೆ ಎಲ್ಲೋ ಕಡಲು ಕದಡಿದೆಯಂತೆ.
ಮೈದನಹಳ್ಳಿ ಬಯಲಿಗೆ ಮೂರು ದಿನದಿಂದ ಜಡಿ.
ಜೋರಿಲ್ಲ, ಬಿಡುವೂ ಇಲ್ಲ,
ಹಿಟ್ಟು ಜರಡಿ ಹಿಡಿದ ಹಾಗೆ.

ಹನ್ನೊಂದು ಜನ.
ಮುಂದೆ ಓಬಳೇಶ, ಸರ್ವೆಯಲ್ಲಿ ಮೂವತ್ತು ವರ್ಷ ಸರಪಳಿ ಎಳೆದವನು:
"ನನ್ಗೆ ದಾರಿ ಯಾಕಮ್ಮ, ಕಾಲೇ ಹೇಳ್ತದೆ."
ಅವನ ಹಿಂದೆ ಜಬೀನಾ, ಮಗನ ಬೂಟು ಮೆಟ್ಟಿಕೊಂಡು,
ಅಟ್ಟೆಯಲ್ಲಿ ನಕ್ಷತ್ರದ ಗುರುತು.
ಹೋಮಿಯೋಪತಿ ಡಾಕ್ಟರು ಕೊಡೆ ಬಿಚ್ಚಿ, ಮಡಿಸಿ, ಬಿಚ್ಚಿ
ಕೊನೆಗೆ ಊರುಗೋಲು ಮಾಡಿಕೊಂಡರು.
ಜಿಂಕೆ ತೋರಿಸ್ತೀರಂತ ಬಂದೆ, ಎಂದು ಪುಟ್ಟನರಸಮ್ಮ
ಹೆಜ್ಜೆಗೊಮ್ಮೆ.

ಕಣ್ಣು ಕಟ್ಟಿಹಾಕಲು ಒಂದು ಗೂಟವಿಲ್ಲ ಆ ಬಯಲಲ್ಲಿ.
ಹುಲ್ಲು, ಹುಲ್ಲಿನಾಚೆ ಮಳೆ, ಮಳೆಯಾಚೆ ಅದೇ ಹುಲ್ಲು.
ಹಂಚಿಯ ಮುಳ್ಳು ಕಾಲುಚೀಲ ತೂರಿ
ಚರ್ಮಕ್ಕೆ ಹೊಲಿಗೆ ಹಾಕುತ್ತಿತ್ತು.
ಟಿಟ್ಟಿಭವೊಂದು ಎದ್ದು, ಬೈದು, ಹೋಯಿತು.

ಒಂದೂವರೆ ಗಂಟೆಯ ಮೇಲೆ ಓಬಳೇಶನ ಕೂಗು:
ಹೆಜ್ಜೆ! ನಮಗಿಂತ ಮೊದಲೇ ಯಾರೋ ಹೋಗವ್ರೆ!
ಓಡಿದರು, ಸುತ್ತುಗಟ್ಟಿದರು
ಚಳಿಗೆ ಬೆಂಕಿ ಸಿಕ್ಕಂತೆ.
ಕೆಂಪು ಕೆಸರಲ್ಲಿ ಸಾಲು ಸಾಲು, ನೀರು ತುಂಬಿ.
ಒಂದರ ತಳದಲ್ಲಿ ನಕ್ಷತ್ರ.

ಜಬೀನಾ ಮಾತಿಲ್ಲದೆ ಕಾಲೆತ್ತಿ ತೋರಿಸಿದಳು.
ಮೊದಲು ನಕ್ಕಿದ್ದು ಡಾಕ್ಟರು. ಆಮೇಲೆ
ಸರಪಳಿಯವನೂ, ಮೆಲ್ಲಗೆ,
ತಲೆಯ ಟವೆಲ್ಲು ತೆಗೆದು ಹಿಂಡುತ್ತ.

ಎಡವೋ ಬಲವೋ ಎಂದು ಅವರು ವಾದಕ್ಕೆ ಬಿದ್ದಾಗ
ನಾನು ನನ್ನದನ್ನು ಹುಡುಕಿದೆ.
ಸಿಕ್ಕಿತು: ಎಡಗಾಲು ಎಳೆದ ಗೆರೆ, ಎಲ್ಲರ ಹೆಜ್ಜೆಯ ಮೇಲೆ.
ಅದರ ಮೇಲೆ, ನನ್ನ ಹಿಮ್ಮಡಿಯ ಗುಳಿಯೊಳಗೇ,
ಸೀಳು ಗೊರಸು.
ಮುಂದಿನದರಲ್ಲೂ. ಅದರ ಮುಂದೆ
ಚಿಕ್ಕದೊಂದು, ಮರಿಯದಿರಬೇಕು.
ಅಂಚು ಇನ್ನೂ ಕುಸಿದಿರಲಿಲ್ಲ.

ಸೀಟಿ ತಾನಾಗಿ ಬಾಯಿಗೆ ಬಂತು. ಹಿತ್ತಾಳೆ, ಮಳೆನೀರು.
ಊದಲಿಲ್ಲ.
ಇಷ್ಟು ಹೊತ್ತೂ ಬೆನ್ನ ಹಿಂದೆ ಖಾಲಿಯೆಂದು
ಎಷ್ಟು ಸಲ ಸೆರಗು ಬಿಗಿದುಕೊಂಡಿದ್ದೆ.
ತಿರುಗಿ ನೋಡಿದೆ. ಹುಲ್ಲು. ಮಳೆ.

ಟೆಂಪೋ ಸಿಕ್ಕಾಗ ಮೂರೂಕಾಲು. ಉಪ್ಪಿಟ್ಟು ತಣ್ಣಗೆ ಕಲ್ಲಾಗಿತ್ತು,
ಉಪ್ಪಿನಕಾಯಿ ಹಚ್ಚಿ ತಿಂದೆವು, ಯಾರೂ ಬಿಡಲಿಲ್ಲ.
ಒಂದಾದರೂ ಜಿಂಕೆ ಕಂಡಿದ್ದರೆ, ಎಂದಳು ಪುಟ್ಟನರಸಮ್ಮ.
ತಲೆ ಎಣಿಸುವುದೂ ನನ್ನದೇ ಕೆಲಸ.
ಹನ್ನೊಂದು, ಎಂದೆ,
ಕಾಲುಚೀಲದ ಮುಳ್ಳು ಕೀಳುತ್ತ,
ಮಬ್ಬುಗಟ್ಟಿದ ಹಿಂಗಾಜನ್ನು ಮೊಣಕೈಯಿಂದ ಒರೆಸುತ್ತ.