ಗೆದ್ದಲು ತಿಂದ ಎಡ ಅಂಚು

ನನ್ನದು ಮೈಕ್‌ಸೆಟ್ಟಿನ ಕಸುಬು.
ಸಂತೆ ಸುಂಕದ ಹರಾಜು, ಕಾಣೆಯಾದ ಎಮ್ಮೆ,
ನಿಮ್ಮ ಅಮೂಲ್ಯವಾದ ಮತ,
ಎಲ್ಲಕ್ಕೂ ಇದೇ ಗಂಟಲು, ಇದೇ ಆಂಪ್ಲಿಫೈಯರು.
"ಜಾಜ್ ರೆಕಾರ್ಡು ಮಾಡ್ಕೊಡ್ತೀಯೇನೋ, ಎಂಟು ಟ್ಯೂನು?"
ಅಂತ ಆಲ್ಫೋನ್ಸ್ ಮಾಸ್ಟರು ಫೋನು ಮಾಡಿದಾಗ
ಜಾಜಿ ಅಂತ ಕೇಳಿಸಿಕೊಂಡು
ಹೂವಿನ ಮಾರ್ಕೆಟ್ಟಿನ ಪ್ರಚಾರ ಇರಬೇಕು ಅಂದುಕೊಂಡೆ.

ಬಿ.ಎಚ್. ರಸ್ತೆಯಲ್ಲಿ ದಸ್ತಗೀರನ ಹಾಸಿಗೆ ಗೋಡೌನು, ಮೇಲಿನ ಮಹಡಿ.
ನಾಲ್ಕೂ ಗೋಡೆಗೆ ಹತ್ತಿ ಹಾಸಿಗೆ ನಿಲ್ಲಿಸಿ
ಊರಿನ ಸದ್ದನ್ನೆಲ್ಲ ಮಲಗಿಸಿದೆವು.
ಬಸ್ಸು ಪೂರಾ ನಿಂತ ಮೇಲೆ, ಹನ್ನೊಂದೂವರೆಗೆ,
ಒಬ್ಬೊಬ್ಬರೇ ಮೆಟ್ಟಿಲು ಹತ್ತಿ ಬಂದರು.

ಮಾಸ್ಟರು, ಮದುವೆ ಮೆರವಣಿಗೆಗಳಲ್ಲಿ ಕ್ಲಾರಿನೆಟ್ ಊದಿ ಊದಿ
ಕೆಳತುಟಿಯಲ್ಲೊಂದು ಹೊಂಡ ಸಂಪಾದಿಸಿದವರು.
ಜೆಸಿಂತಾ ಟೀಚರು, ಚರ್ಚಿನ ಕೀಬೋರ್ಡನ್ನು ಹೊದಿಕೆಯಲ್ಲಿ ಸುತ್ತಿ
ಕೂಸಿನಂತೆ ಎತ್ತಿ ತಂದರು.
ಭಾನುವಾರ ಆರಕ್ಕೆ ಅದು ವಾಪಸು ಇರಬೇಕು, ಫಾದರಿಗೆ ಗೊತ್ತಿಲ್ಲ.
ಬಾಸ್ ಗಿಟಾರಿಗೆ ಹಾಲಸ್ವಾಮಿ, ವಿಮೆ ಏಜೆಂಟು.
ಅದು ಕೈಯಲ್ಲಿದ್ದಷ್ಟು ಹೊತ್ತು ಮಾತ್ರ
ಯಾರಿಗೂ ಏನೂ ಮಾರದವನು.
ಕೊನೆಗೆ ತಿಪ್ಪೇಶಿ, ಗ್ಯಾರೇಜಿನಿಂದ ನೇರ,
ಉಗುರಿನ ಗ್ರೀಸು ಹಾಗೇ.

ಟ್ಯೂನುಗಳು ಮಾಸ್ಟರ ಅಪ್ಪನ ನೋಟ್‌ಬುಕ್ಕಿನವು.
ಭದ್ರಾವತಿಯ ಕ್ಲಬ್ಬಿನ ಕಿಟಕಿಯಾಚೆ ನಿಂತು
ಯಾವನೋ ಇಂಜಿನಿಯರನ ಗ್ರಾಮಾಫೋನಿಗೆ ಕಿವಿ ಕೊಟ್ಟು
ಕನ್ನಡ ಅಕ್ಷರದಲ್ಲಿ ಇಳಿಸಿಕೊಂಡದ್ದು.
ಅಲ್ಲಿಯ ಎಲ್ಲ ಬ್ಯಾಂಡಿಗೂ ಬಾಯಿಪಾಠವಂತೆ ಇವು,
ನಮ್ಮಲ್ಲಿ ಮಗ್ಗಿ ಇದ್ದ ಹಾಗೆ.
ಸ್ವರವೆಲ್ಲ ನೆಟ್ಟಗಿದೆ. ಹೆಸರಿಲ್ಲ.
ಹೆಸರಿದ್ದ ಎಡ ಅಂಚು ಗೆದ್ದಲಿಗೆ ಊಟವಾಯಿತು.
ಹಾಗಾಗಿ ಇವರೇ ಇಟ್ಟ ಹೆಸರು:
ಎರಡನೇ ಶಿಫ್ಟು. ಶೆಟ್ಟರ ಬಾಕಿ.
ಇನ್ನೊಂದು, ಮದುಮಗ ಬರದೇ ಹೋದದ್ದು.

"ತಾಳ ಕುಂಟುತ್ತಲ್ಲ ಮಾರಾಯ?" ಅಂದೆ ತಿಪ್ಪೇಶಿಗೆ.
ಕಡ್ಡಿ ಕಿವಿಗೆ ಸಿಕ್ಕಿಸಿಕೊಂಡು ಯೋಚಿಸಿದ.
"ಹೊಳೆ ಸ್ಟಾಪಲ್ಲಿ ಬಸ್ಸು ಪೂರ್ತಿ ನಿಲ್ಲೋ ಮುಂಚೆ ಇಳೀತೀಯಲ್ಲ,
ಆಮೇಲೆ ಎರಡು ಹೆಜ್ಜೆ
ನೀನು ಬೇಡ ಅಂದ್ರೂ ಓಡ್ತೀಯಲ್ಲ.
ಅದು."

ಮೂರನೇ ಟೇಕು ಮುಗಿದಾಗ, ಅಭ್ಯಾಸಬಲ,
ಮಾಸ್ಟರು ಉಸಿರೆಳೆದುಕೊಂಡ ಕಡೆಯೆಲ್ಲ ಕತ್ತರಿಸಿದ್ದೆ.
ಮಂತ್ರಿಗಳ ಕೆಮ್ಮು ತೆಗೆದು ಪಳಗಿದ ಕೈ ಇದು.
ಹೆಡ್‌ಫೋನು ಹಾಕಿಕೊಂಡು ಕೇಳಿದರು. ತೆಗೆದು ಮಡಿಲಲ್ಲಿಟ್ಟುಕೊಂಡರು.
"ಊದಿದ್ದು ಯಾರು ಇದ್ರಲ್ಲಿ? ಸೈಕಲ್ ಪಂಪಾ?"
ಒಂದೊಂದೇ ಉಸಿರು ಹುಡುಕಿ
ಅದರದರ ಜಾಗಕ್ಕೆ ವಾಪಸು ಇಟ್ಟೆ.
ನಲವತ್ತೊಂದು ಇದ್ದವು.
ಒಂದರಲ್ಲಿ ಬೀಡಿಯ ಶಿಳ್ಳೆ.

ಎಂಟನೆಯದು ನಿಧಾನದ್ದು, ಅದಕ್ಕೆ ಇವರೂ ಹೆಸರಿಟ್ಟಿಲ್ಲ.
ಏಳು ಟೇಕು. ಮೂರೂಮುಕ್ಕಾಲು.
ಜೆಸಿಂತಾ ಟೀಚರು ಕಣ್ಣು ಮುಚ್ಚಿ, ಚರ್ಚಿನಲ್ಲಿ ಎಂದೂ ಒತ್ತದ
ಎರಡು ಅಕ್ಕಪಕ್ಕದ ಮನೆಗಳನ್ನು ಒಟ್ಟಿಗೇ ಒತ್ತಿದರು,
ಜಗಳ ಬಿಡದೆ ಒಂದೇ ಕೊಡೆಯಡಿ ನಡೆಯುವ ಓರಗಿತ್ತಿಯರ ಹಾಗೆ.
ಆಗಲೇ ಹಿಂದಿನ ಹಾಸಿಗೆ ವಾಲಿ
ತಿಪ್ಪೇಶಿಯ ಮೇಲೆ ಬಿತ್ತು.
ಅವನು ಬೆನ್ನ ಮೇಲೆ ಅದನ್ನು ಹೊತ್ತೇ
ಬ್ರಷ್ಷು ಸವರುತ್ತ ಹೋದ.
ಬರಿದಾದ ಗೋಡೆಯಿಂದ ರಸ್ತೆ ಒಳಗೆ ಬಂತು:
ಹಾಲಿನ ವ್ಯಾನು, ಕ್ರೇಟು ಇಳಿಸುವ ಸದ್ದು,
"ಏಯ್, ಮೊಸರು ಎಣ್ಸೋ" ಅನ್ನುವ ಒಂದು ದನಿ.
ನಿಲ್ಲಿಸಲು ಹೋದ ನನ್ನ ಕೈಯನ್ನು
ಹಾಲಸ್ವಾಮಿ ಕಣ್ಣಲ್ಲೇ ಹಿಡಿದ.

ಅದನ್ನೇ ಇಟ್ಟುಕೊಂಡೆವು.
ಫೈಲಿಗೆ ಹೆಸರು ಕೇಳಿತು ಕಂಪ್ಯೂಟರು.
ಖಾಲಿ ಬಿಟ್ಟರೆ ಒಪ್ಪುವುದಿಲ್ಲ ಅದು,
ಒಂದು ಚುಕ್ಕೆ ಇಟ್ಟೆ.

ಬೆಳಿಗ್ಗೆ ವಿನೋಬನಗರದಲ್ಲಿ ಆಟೋ ಮೇಲೆ ಹಾರ್ನು ಕಟ್ಟಿಕೊಂಡು
ಸಾರ್ವಜನಿಕರಲ್ಲಿ ವಿನಂತಿ, ಅಂದೆ.
ನಾಳೆ, ಅಂದೆ.
ಉಸಿರೆಳೆದುಕೊಂಡೆ, ಅದು ಕೇಳಿಸಲಿ ಅಂತ ಬಿಟ್ಟೆ,
ಎರಡು ಹೆಜ್ಜೆ ತಡವಾಗಿ ಇಳಿದೆ:
ನೀರು ಬರುವುದಿಲ್ಲ.

ಕೊಡ ಹಿಡಿದ ಹೆಂಗಸೊಬ್ಬಳು ಗೇಟಿನಿಂದ ಕೂಗಿದಳು,
"ಏನಣ್ಣ, ಮೈಕು ಕೆಟ್ಟಿದೆಯಾ?"