ಉಜ್ಜಿಟ್ಟ ಗಾಜು

ಮೂರು ದಿನದಿಂದ ನಾನು ಟೂರ್‌ಫಿನ್ ಜೊತೆ ಮಾತಾಡಿಲ್ಲ.
ಕಾಫಿ ಕಾಸಿದೆ, ಒಂದೇ ಲೋಟ.
ಉಪ್ಪು ಬೇಕಾದಾಗ
ಬೆಕ್ಕಿನ ಕಡೆ ತಿರುಗಿ ಕೇಳಿದೆ.

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ.
ಹಾಗೆಂದವರ ಊರಲ್ಲಿ
ಮಲಗಿದ ಮೇಲೆ ಬೆಳಗಾಗುತ್ತಿತ್ತೇನೋ.
ಇಲ್ಲಿ, ವಾರ್ಡೋ ದ್ವೀಪದೆದುರಿನ ಈ ಬೋಳು ದಡದಲ್ಲಿ,
ನವೆಂಬರಿನಲ್ಲಿ ಮುಳುಗಿದ ಸೂರ್ಯ
ಏಳುವುದು ಜನವರಿ ಮುಗಿಯುತ್ತ ಬಂದಾಗ.
ಅಷ್ಟುದ್ದದ ಇರುಳಲ್ಲಿ ಸಿಟ್ಟು
ಗಳುವಿಗೆ ಕಟ್ಟಿದ ಒಣಮೀನಿನ ಹಾಗೆ
ತೂಗುತ್ತ, ಕೆಡದೆ, ಉಳಿಯುತ್ತದೆ.

ವಿಷಯ ಇಷ್ಟೇ: ದೋಣಿಯ ಹೊಸ ಎಂಜಿನ್ನಿಗೆಂದು
ನಾಲ್ಕು ಚಳಿಗಾಲ ಮೀನು ಕೊಯ್ದು ನಾನು ಕೂಡಿಟ್ಟದ್ದನ್ನು
ಇವನು ತಮ್ಮನಿಗೆ ಕೊಟ್ಟ, ನನ್ನನ್ನು ಕೇಳದೆ.
ಆ ಐನಾರ್ ಒಯ್ದದ್ದನ್ನು ಎಂದೂ ತಿರುಗಿಸಿದವನಲ್ಲ.
ಯಾಕೆ ಕೊಟ್ಟೆ ಅಂದರೆ ಎರಡೇ ಪದ:
"ಕೇಳಿದ. ಕೊಟ್ಟೆ."

ಭಾನುವಾರ. ಮೈನಸ್ ಹನ್ನೊಂದು, ಮೇಲೆ ಗಾಳಿ.
ಹಿಮ ಕೆರೆಯುವ ತಗಡು ಹಿಡಿದು ಹೊರಗೆ ಬಂದರೆ
ಕಾರು ಆಗಲೇ ಬೆಚ್ಚಗಿದೆ.
ಮುಂದಿನ ಗಾಜು ತೊಳೆದಿಟ್ಟ ತಟ್ಟೆ.
ಹಿಂದಿನದೂ. ಪಕ್ಕದ ಕನ್ನಡಿಗಳೂ.
ಅವನ ಬೂಟಿನ ಗುರುತು
ಕಾರಿಗೆ ಒಂದು ಸುತ್ತು ಬಂದು
ಮನೆಯೊಳಗೆ ಹೋಗಿತ್ತು.
ಒಳಗಿನಿಂದ ಗೊರಕೆ ಕೇಳುತ್ತಿತ್ತು.

ನನಗೆ ಬಂದದ್ದು ಕೃತಜ್ಞತೆಯಲ್ಲ.
ಮೈ ಉರಿಯಿತು.
ತಪ್ಪಾಯಿತು ಎಂದಿದ್ದರೆ ಸಾಕು ಸುಮ್ಮನಿರು ಎನ್ನಬಹುದಿತ್ತು.
ಉಜ್ಜಿಟ್ಟ ಗಾಜಿಗೆ ಏನೆನ್ನುವುದು?
ಅದರ ಮೂಲಕವೇ ನೋಡಿಕೊಂಡು ಹೋಗಬೇಕು.
ಹೋದೆ. ಕಡಲಡಿಯ ಸುರಂಗದಲ್ಲಿ
ದೀಪಗಳು ಒಂದೊಂದಾಗಿ
ಆ ಗಾಜಿಗೆ ಬಂದವು, ಹೋದವು.

ಪ್ರಾರ್ಥನೆಯಲ್ಲಿ ಸಾಲದ ಮಾತು ಬಂದಾಗ
ಕೆಮ್ಮಿಬಿಟ್ಟೆ.

ಆಮೇಲೆ ನೆಲಮಾಳಿಗೆಯಲ್ಲಿ ಮಕ್ಕಳ ಪಾಠ.
ಏಳು ಜನ, ಒದ್ದೆ ಉಣ್ಣೆಯ ವಾಸನೆ.
ಸೂಲ್ರುನ್ ಕೈ ಎತ್ತಿದಳು,
ಅಕ್ಟೋಬರಿನಲ್ಲಿ ಅವಳಪ್ಪನ ದೋಣಿ
ಖಾಲಿ ತೇಲಿ ಬಂದಿತ್ತು:
"ನಾನು ದೇವರ ಜೊತೆ ಟೂ ಬಿಟ್ಟಿದ್ದೀನಿ.
ಈಗಲೂ ಅವನಿಗೆ ನಾನು ಬೇಕಾ?
ಇಲ್ಲಾ, ಮಾತಾಡೋ ತನಕ ಕಾಯ್ತಾನಾ?"

ಹತ್ತೊಂಬತ್ತು ವರ್ಷ ಕಲಿಸಿದ್ದೇನೆ.
ಆ ಪ್ರೀತಿ ಸಾಗರದಷ್ಟು ಎಂದಿದ್ದೇನೆ,
ಇವಳೆದುರು ಸಾಗರ ಎನ್ನಲಾದೀತೇ?
ಬೆಳಕಿನಂತೆ ಎಂದಿದ್ದೇನೆ,
ಕಿಟಕಿಯಾಚೆ ಹಗಲು ಹನ್ನೊಂದರ ಕತ್ತಲೆ.

ಕೊನೆಗೆ ಗಾಜಿನ ಕತೆ ಹೇಳಿದೆ.
ಒಬ್ಬಳಿದ್ದಳು, ಮುಖ ಊದಿಸಿಕೊಂಡು ಕೂತಿದ್ದಳು, ಎಂದು.
ಹಿಂದಿನ ಬೆಂಚಿನಿಂದ ಪಕ್ಕದ ಮನೆಯ ಹುಡುಗ:
"ಅದು ಟೂರ್‌ಫಿನ್. ನಾನು ನೋಡಿದೆ.
ಟೋಪಿ ಹಾಕಿರಲಿಲ್ಲ."

ಟೋಪಿ ಹಾಕಿರಲಿಲ್ಲ.
ಗಾಳಿ ಬೀಸಿದರೆ ಕಿವಿ ಹಿಡಿದು ನರಳುವ ಮನುಷ್ಯ.

ಟೂರ್‌ಫಿನ್ ದೇವರಲ್ಲ, ಮಕ್ಕಳೇ, ಎನ್ನಹೊರಟೆ.
ದೇವರಾಗಿದ್ದರೆ ಆ ಐನಾರನಿಗೆ
ಒಂದು ಬಿಡಿಗಾಸೂ...
ಅಲ್ಲಿಗೇ ನಾಲಿಗೆ ನಿಂತಿತು.
ಕೊಡುತ್ತಿದ್ದ.
ಯಾಕೆಂದರೆ ಅದೇ ಎರಡು ಪದ ಹೇಳುತ್ತಿದ್ದ.
ನನ್ನ ನಾಲ್ಕು ಚಳಿಗಾಲ ಅವನಿಗೂ ಗೊತ್ತಿರುತ್ತಿತ್ತು.

ಹೊರಡುವಾಗ ಸೂಲ್ರುನ್ ಕಾರಿನ ತನಕ ಬಂದಳು,
ಗಾಜು ನೋಡಬೇಕೆಂದು.
ಅಷ್ಟರಲ್ಲಿ ಮತ್ತೆ ಹಿಮ ಕಟ್ಟಿತ್ತು.
ಬೆರಳಿಂದ ಗೀಚಿ ನೋಡಿ,
"ನಾಳೆ ಮತ್ತೆ ಉಜ್ಜಬೇಕು," ಎಂದಳು.
ಅವಳು ನಗಲಿಲ್ಲ. ಅಳಲೂ ಇಲ್ಲ.
ನನ್ನ ತಗಡು ತೆಗೆದುಕೊಂಡು
ಒಂದು ಮೂಲೆಯಿಂದ ಶುರು ಮಾಡಿದಳು.

ಸಿಟ್ಟು ಇನ್ನೂ ಇದೆ. ಸುಳ್ಳು ಹೇಳಲಾರೆ,
ಹಣ ಹೋದದ್ದು ಹೋಯಿತು.
ಮನೆಗೆ ಬಂದು
ಮೊಳೆಯಿಂದ ಅವನ ಟೋಪಿ ಇಳಿಸಿ
ಒಲೆಯ ಪಕ್ಕ ಬೆಚ್ಚಗೆ ಇಟ್ಟೆ.
ಬೆಕ್ಕಿಗೆ ಹೇಳಿದೆ, ಅವನಿಗೆ ಕೇಳುವ ಹಾಗೆ:
ನಾಳೆ ಇದನ್ನು ಹಾಕಿಕೊಂಡು ಹೋಗಲು ಹೇಳು.