ಮಸಿ ತಾಗಿದಲ್ಲಿ

ಪೆಟ್ಟಿಗೆ ಬಂದದ್ದು ನವೆಂಬರಿನಲ್ಲಿ, ಒಂದು ಮೊಳ ಉದ್ದ.
ಬಿಚ್ಚಿದರೆ ಪಿಸ್ತೂಲಿಲ್ಲ,
ಪಿಸ್ತೂಲಾಗಲು ಇನ್ನೂ ಒಪ್ಪದ ಸಾಮಾನು:
ಅರ್ಧ ಕೆತ್ತಿದ ಮೇಪಲ್ ಹಿಡಿ,
ಮರಳಚ್ಚಿನ ಒರಟು ಹೋಗದ ಹಿತ್ತಾಳೆ,
ಮೀನಿನ ಬೆನ್ನಿನ ಬಣ್ಣದ ನಳಿಗೆ,
ಚಕಮಕಿ ಕಲ್ಲೊಂದು ಹತ್ತಿಯಲ್ಲಿ ಸುತ್ತಿ,
ಚೀಲದಲ್ಲಿ ಹನ್ನೊಂದು ತಿರುಪು.
ಕಾಗದದಲ್ಲಿ ಹನ್ನೆರಡು ಅಂತ ಬರೆದಿತ್ತು.

ಅಡುಗೆಮನೆ ಮೇಜಿಗೆ ಹಳೆ ಟವೆಲು ಹಾಸಿ ಕೂತೆ.
ಕಿಟಕಿಯಾಚೆ ಟೆನೆಸ್ಸಿಯ ಬೆಟ್ಟ ಎಲೆಯೆಲ್ಲ ಉದುರಿಸಿ
ಆಗಷ್ಟೇ ಕ್ಷೌರ ಮಾಡಿಸಿಕೊಂಡವರಂತೆ
ಗುರುತು ಸಿಗದೆ ನಿಂತಿತ್ತು.
ಯಾರಿಗಿದು, ಅಂದ ಡೆಲ್ಮರ್.
ಥರ್ಲೋ ಮೇಷ್ಟರಿಗೆ.
ಅವರಿಗೆ ಕಣ್ಣು ಕಾಣೋದಿಲ್ಲವಲ್ಲ, ರೋವೀನಾ.
ಗೊತ್ತು.
ಕಾಫಿ ಬಗ್ಗಿಸಿಕೊಂಡು ಹೊರಗೆ ಹೋದ.

ಎಪ್ಪತ್ತಮೂರನೇ ಇಸವಿ, ಶಾಲೆಯ ವರ್ಕ್‌ಶಾಪು,
ಇಪ್ಪತ್ತೆರಡು ಹುಡುಗರು ಮತ್ತು ನಾನು.
ಹೊಲಿಗೆ ಕ್ಲಾಸು ಆ ಕಟ್ಟಡದಲ್ಲಿ, ದಾರಿ ತಪ್ಪಿತೇನೆ
ಎಂದು ನಕ್ಕವರ ನಡುವೆ ನಗದವರು ಅವರೊಬ್ಬರೇ.
ಕೈಗೆ ಅರ ಕೊಟ್ಟರು.
"ಮುಂದಕ್ಕೆ ಹೋಗುವಾಗ ಕಚ್ಚಲಿ, ಹಿಂದಕ್ಕೆ ಬರುವಾಗ ಎತ್ತು.
ಎರಡೂ ಕಡೆ ತಿನ್ನುವವನು ಹೊಟ್ಟೆಬಾಕ."
ಅಷ್ಟೇ. ಆ ವರ್ಷ ಹೊಗಳಲಿಲ್ಲ, ಆಮೇಲೂ ಇಲ್ಲ.
ಬೇರಿಂಗ್ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ
ಆ ಒಂದು ಮಾತು ನನಗೆ ಅನ್ನ ಹಾಕಿತು.

ಮೇಣದಬತ್ತಿಯ ಮಸಿಯನ್ನು ಕಬ್ಬಿಣಕ್ಕೆ ಹಿಡಿದು
ಮರದ ಗೂಡಿಗೆ ಇಳಿಸಿ, ಎತ್ತಿ, ನೋಡಬೇಕು.
ಮಸಿ ತಾಗಿದಲ್ಲಿ ಮರ ಹೆಚ್ಚು.
ಉಗುರಿನ ಅಂಚಿನಷ್ಟು ಕೆರೆ. ಮತ್ತೆ ಇಳಿಸು. ಮತ್ತೆ ಎತ್ತು.
ಒಂದು ರಾತ್ರಿಗೆ ಒಂದು ಕಾಗದದ ದಪ್ಪ.
ಡೆಲ್ಮರನ ತಾಯಿ ನನ್ನನ್ನು ಮನೆಗೆ ಹೊಂದಿಸಿದ್ದು ನೆನಪಾಯಿತು,
ಮನೆಯನ್ನು ಒಂದು ಚೂರೂ ಕೆರೆಯದೆ.

ಹನ್ನೆರಡನೇ ತಿರುಪನ್ನು
ಅಮ್ಮನ ಹೊಲಿಗೆ ಯಂತ್ರದಿಂದ ಕಿತ್ತೆ.
ಅದನ್ನು ಯಾರಿಗೂ ಹೇಳಿಲ್ಲ.

ಡಿಸೆಂಬರ್ ಒಂಬತ್ತರ ರಾತ್ರಿ ಉಳಿ ಜಾರಿತು.
ಜೋಳದ ಕಾಳು ಕೂರುವಷ್ಟು ಗಾಯ.
ಮರದ ಹುಡಿ, ಅಂಟು, ಎರಡು ದಿನದ ಒಣಗಾಟ,
ಮೇಲೆ ಏಳು ಸಲ ಎಣ್ಣೆ.
ಕನ್ನಡಕ ಹಾಕಿಕೊಂಡು ದೀಪದ ಕೆಳಗೆ ಹಿಡಿದು ನೋಡಿ
ಎಲ್ಲಿ, ಅಂದ ಡೆಲ್ಮರ್.

ಹಿಟ್ಟಿನ ಚೀಲದಲ್ಲಿ ಸುತ್ತಿ ಒಯ್ದೆ.
ತೊಂಬತ್ತೊಂದರ ಮೇಷ್ಟರು ಮಗಳು ಐವಲೀಯ ಮನೆಯಲ್ಲಿ
ಒಲೆಗೆ ಮಂಡಿಯೊಡ್ಡಿ ಕೂತಿದ್ದರು.
ಮದ್ದಿಲ್ಲ, ಗುಂಡಿಲ್ಲ ಅಂದೆ. ನಾನು ಕೇಳಿದೆನಾ, ಅಂದರು.
ಬೆರಳು ನಳಿಗೆಯ ಎಂಟು ಮೂಲೆ ಎಣಿಸಿ
ಹಿತ್ತಾಳೆಯ ಬಳುಕು ಇಳಿದು
ಹಿಡಿಯ ಎಡಗಡೆ ನಿಂತಿತು.

"ಇಲ್ಲೇನು ತುಂಬಿದ್ದೀಯ?"
ಮರದ ಹುಡಿ.
"ನಿದ್ದೆಗಣ್ಣಲ್ಲಿ ಉಳಿ ಹಿಡಿದೆ."
ಹೌದು.

ಹುಡುಗರ ನಗು ನೆನಪಾಗುವಷ್ಟು ಹೊತ್ತು ಸುಮ್ಮನಿದ್ದು
ಗೋಡೆಯ ಕಡೆ ತಿರುಗಿಸು, ಕುದುರೆ ಎಳೆ, ಅಂದರು.
ಎಳೆದೆ. ಬಿಟ್ಟೆ. ಟಪ್ಪೆಂದು ಬಿತ್ತು.

"ಕಿಡಿ?"
ಬಿತ್ತು, ಅಂದೆ.

ಮೇಷ್ಟರು ಮುಖ ಎತ್ತಿದರು,
ಅಡುಗೆ ಹತ್ತಿತೇನೋ ಎಂದು ನೋಡುವವರ ಹಾಗೆ.
"ವಾಸನೆ ಎಲ್ಲಿ?"
ಐವಲೀ ಒಲೆಗೆ ಸೌದೆ ಹಾಕುವ ನೆಪ ಮಾಡಿದಳು.
ಅರವತ್ತು ದಾಟಿದ ನನ್ನ ಕಿವಿ ಬಿಸಿಯಾಯಿತು.

"ಕಲ್ಲನ್ನು ಬೋರಲು ಹಾಕು."

ಹಾಕಿದೆ. ಬಿಗಿದೆ. ಎಳೆದೆ.
ಉಕ್ಕನ್ನು ಗೀರಿಕೊಂಡು ಇಳಿದದ್ದು
ಹಿಡಿ ಸಾಸಿವೆಯಷ್ಟು ಬೆಳಕು, ತಕ್ಷಣ ಇಲ್ಲ.
ಹೊಳೆಯಲ್ಲಿ ಕಲ್ಲಿಗೆ ಕಲ್ಲು ಉಜ್ಜಿದಾಗಿನ
ಆ ಸುಟ್ಟ ವಾಸನೆ ಮಾತ್ರ
ಕೋಣೆ ದಾಟಲು ಸ್ವಲ್ಪ ಹೊತ್ತು ತೆಗೆದುಕೊಂಡಿತು.

ನಾನು ಏನೂ ಹೇಳಲಿಲ್ಲ.
"ಈಗ ಬಿತ್ತು," ಅಂದರು.

ಪಿಸ್ತೂಲನ್ನು ಮತ್ತೆ ಮಡಿಲಿಗೆ ಎಳೆದುಕೊಂಡರು.
ಹೊರಡುವ ತನಕ ಅವರ ಹೆಬ್ಬೆರಳು
ಆ ತೇಪೆಯ ಮೇಲೇ ಇತ್ತು.